ಎರಡು ಕಚ್ಚಿನ ಕಿವಿ

ಟಕ್ ಅಂತ ಸದ್ದಾಯಿತು, ವರಾಂಡದ ಆ ಕೊನೆಯಲ್ಲಿ ಯಾರೋ ಸ್ಟೀಲು ಡಬ್ಬಿಗೆ ಮುಚ್ಚಳ ಹಾಕಿದರೋ, ಸಿಸ್ಟರಮ್ಮ ಕತ್ತರಿಯನ್ನ ತಟ್ಟೆಗೆ ಇಟ್ಟಳೋ, ಬೆಳಗಿನ ಗಂಜಿ ಹಂಚುವ ಹೊತ್ತು ಇದು, ಅಷ್ಟು ಸಣ್ಣ ಸದ್ದು, ಅಷ್ಟಕ್ಕೇ ಇವನ ಮೈ ಎದ್ದುಬಿಟ್ಟಿತು — ನೆತ್ತಿ ಒಂದು ಕಡೆ, ಹಿಮ್ಮಡಿ ಒಂದು ಕಡೆ ಹಾಸಿಗೆಗೆ ಊರಿ ನಡುವೆಲ್ಲ ಮೇಲಕ್ಕೆ ಸೆಟೆದು, ಕೆಳಗೆ ಒಂದು ಕುರಿಮರಿ ನುಸುಳಿ ಹೋಗಬಹುದು ಅಷ್ಟು ಜಾಗ, ಹಲ್ಲು ಕರಕರ ಅರೆಯುತ್ತಿವೆ, ತುಟಿ ಎರಡು ಕಡೆಗೂ ಎಳೆದುಕೊಂಡು ನಗುತ್ತಾ ಇರುವವನ ಥರ, ಚಿಕ್ಕರಾಜು ನಗುತ್ತಾ ಇಲ್ಲ, ನನ್ನ ತಮ್ಮ ಹೀಗೆ ನಗುವುದಿಲ್ಲ, ಇವನು ನಗುವುದು ಮೂಗಿನಲ್ಲಿ. ನಾನು ಏಳಲಿಲ್ಲ, ಎದ್ದರೆ ಸ್ಟೂಲು ಕಿರ್ ಅನ್ನುತ್ತದೆ, ಅದಕ್ಕೆ ಇನ್ನೊಂದು ಸಲ ಸೆಟೆಯುತ್ತಾನೆ. ಮಾತು ಬೇಡ ಅಜ್ಜ, ಕೆಮ್ಮು ಬಂದ್ರೆ ಆಚೆ ಹೋಗಿ, ಧನುರ್ವಾಯು ಹಿಡಿದೋನಿಗೆ ಸದ್ದೂ ಚಾಕು ಬೆಳಕೂ ಚಾಕು ಅಂತ ಡಾಕ್ಟರು ಹೇಳಿದ ಮೇಲೆ ಕಿಟಕಿಗೆ ನನ್ನ ಕಂಬಳಿಯನ್ನೇ ಕಟ್ಟಿದ್ದೇನೆ, ಕರೀ ಕಂಬಳಿ, ಅದರ ಎಳೆ ಸಂದಿಯಲ್ಲಿ ಬಿಸಿಲು ತೂರಿ ಗೋಡೆ ಮೇಲೆ ಚುಕ್ಕಿ ಚುಕ್ಕಿ. ಮಾತು ನನಗೆ ಎಂದೂ ಬೇಕಾಗಿರಲಿಲ್ಲ, ಕುರಿ ಹಿಂದೆ ಬದುಕಿದವನಿಗೆ ಯಾರ ಹತ್ತಿರ ಮಾತು, ಬಂಡೆಯಿಂದ ನೀರಾದರೂ ಬಿದ್ದೀತು ನಮ್ಮ ಚನ್ನಯ್ಯ ಬಾವನ ಬಾಯಿಂದ ಮಾತು ಬೀಳಾಕಿಲ್ಲ ಅಂತ ಇವನ ಹೆಂಡತಿ ತಿಮ್ಮಮ್ಮ ಅನ್ನುತ್ತಿದ್ದಳು, ಈಗ ಆಚೆ ಬೇವಿನ ಮರದ ಕೆಳಗೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಾಳೆ, ಅತ್ತರೆ ಸದ್ದಾದೀತು ಅಂತ. ಆದರೆ ಇವತ್ತು ಒಂದು ಮಾತು ನನ್ನ ಬಾಯಲ್ಲಿದೆ, ಇವನಿಗೇ ಹೇಳಬೇಕಾದದ್ದು, ಇದೊಂದು ಮಾತಿಗೆ ಕಾದೂ ಕಾದೂ ಇವನು ಇಲ್ಲಿಗೆ ಬಂದು ಬಿದ್ದದ್ದು, ಹೇಳಿದರೆ ಆ ಸದ್ದಿಗೇ ಇವನ ಬೆನ್ನುಮೂಳೆ ಮುರಿದೀತು. ಬಲಗೈ ಮುಷ್ಟಿ ಬಿಗಿಹಿಡಿದಿದ್ದೇನೆ, ಒಳಗೆ ಓಲೆ, ಕುರಿ ಕಿವಿಗೆ ಹಾಕುವ ಹಳದಿ ಪ್ಲಾಸ್ಟಿಕ್ಕಿನ ಓಲೆ, ಡಾಕ್ಟರು ಇವನ ಕಿವಿಯಿಂದ ಕತ್ತರಿಸಿ ತೆಗೆದು ನನ್ನ ಅಂಗೈಗೆ ಇಟ್ಟದ್ದು, ಪಂಚೆಯ ಸೆರಗಿಗೆ ಗಂಟು ಹಾಕಿಕೊಳ್ಳಬಹುದಿತ್ತು, ಕೈ ಬಿಡುವುದಿಲ್ಲ. ಬಿದ್ದರೆ ಸಿಮೆಂಟು ನೆಲದ ಮೇಲೆ ಟಕ್ ಅನ್ನುತ್ತದೆ. ಬೀಳಿಸಬಾರದು.

ಓಲೆ ಹೊಡೆಯುವ ಇಕ್ಕಳದ್ದೂ ಇದೇ ಸದ್ದು, ಟಕ್. ಹುಣಸೆ ಬಡಿಯುವ ಕಾಲ, ಮರದಲ್ಲಿ ಒಣಗಿದ ಕಾಯಿ ಗಾಳಿಗೆ ಗಲಗಲ ಅನ್ನುತ್ತಿತ್ತು, ಬಿಸಿಲು ಕನಕಪುರದ ನಮ್ಮ ಕುರಿ ಸಂಘದ ತಗಡಿನ ಮಾಡು ಕಾಯಿಸಲು ಶುರು ಮಾಡಿದ ಹೊತ್ತು, ಸೋಮವಾರ, ಅಂಗಳದಲ್ಲಿ ಕುರಿ ಸಾಲಾಗಿ ನಿಲ್ಲಿಸಿ ಹೊಸ ಓಲೆ ಹೊಡೆಯುತ್ತಿದ್ದರು, ಅಲ್ಲಿ ಶುರುವಾದದ್ದು ಇದು — ಇಲ್ಲ, ಅದಕ್ಕೂ ಹಿಂದೆ, ಬಹಳ ಹಿಂದೆ. ನಮ್ಮಲ್ಲಿ ಕುರಿ ಯಾರದ್ದು ಅನ್ನುವುದು ಕಿವಿಯಲ್ಲಿ ಇರುತ್ತದೆ. ಮರಿ ಹುಟ್ಟಿ ಕಾಲು ಗಟ್ಟಿಯಾದ ಮೇಲೆ ತೊಡೆ ಸಂದಿಯಲ್ಲಿ ಅಮುಕಿ ಹಿಡಿದು ಕಿವಿಗೆ ಕಚ್ಚು ಹಾಕುವುದು, ಒಂದೊಂದು ಮನೆಗೆ ಒಂದೊಂದು ಕಚ್ಚು, ನಮ್ಮದು ಎಡಗಿವಿ ಅಂಚಿಗೆ ಎರಡು ಕಚ್ಚು, ಮರಳವಾಡಿ ದೊಡ್ಡಹನುಮಯ್ಯನ ಮನೆಯದು ಬಲಗಿವಿ ತುದಿ ಅಡ್ಡಕ್ಕೆ ಕೊಯ್ದು ತೆಗೆಯುವುದು. ಕಬ್ಬಾಳು ಬೆಟ್ಟದ ಸುತ್ತ ಕಚ್ಚು ಹಾಕುವ ಕೈ ನನ್ನದು, ಆ ಕಡೆಗೆ ದೊಡ್ಡಹನುಮಯ್ಯನದು. ಬೇಸಿಗೆಯಲ್ಲಿ ನೀರಿಗೆ ಹೋದಾಗ ಎರಡು ಮಂದೆ ಬೆರೆತರೆ ನಾವಿಬ್ಬರೂ ಎದುರುಬದುರು ಕೂತು ಬೀಡಿ ಹಚ್ಚಿಕೊಂಡು, ನಡುವೆ ನುಗ್ಗುವ ಕುರಿಗಳ ಕಿವಿ ಸವರಿ ಆ ಕಡೆ ಒಂದು ಈ ಕಡೆ ಒಂದು ತಳ್ಳುತ್ತಿದ್ದೆವು, ಕಣ್ಣು ಬೇಕಿರಲಿಲ್ಲ, ಲೇ ಚನ್ನ, ಇದು ನಿನ್ ಕುರಿ ಕಣ್ಲಾ, ತುಂಟ್ ಮುಂಡೇದು ನಿನ್ ತಮ್ಮನಂಗೇ ಗುದ್ತದೆ ಅನ್ನುವನು. ತಮ್ಮ. ಅವ್ವ ಸತ್ತಾಗ ಇವನಿನ್ನೂ ಮೊಲೆ ಬಿಟ್ಟಿರಲಿಲ್ಲ, ಕರಿಮೂತಿ ಕುರಿಯೊಂದು ಈದಿತ್ತು, ಅದರ ಕಾಲು ಹಿಡಿದು ಮಲಗಿಸಿ ಇವನ ಬಾಯನ್ನ ಕೆಚ್ಚಲಿಗೆ ಇಟ್ಟೆ, ಮರಿ ಒಂದು ಕಡೆ ಇವನೊಂದು ಕಡೆ, ಚಪ್ ಚಪ್ ಅಂತ, ಅದರ ಮಗಳು, ಮೊಮ್ಮಗಳು, ಅದರ ಮರಿಯ ಮರಿ, ಎಲ್ಲಕ್ಕೂ ಮೂತಿ ಕಪ್ಪು, ಆ ಪೀಳಿಗೆಯದೊಂದು ಕುರಿಯನ್ನೂ ಇವನು ಸಂತೆಗೆ ಹೊಡೆದವನಲ್ಲ. ಕೊನೆಯದಕ್ಕೆ ಸಂಘದವರು ಓಲೆ ಹಾಕಿದ ದಿನ ತಿಮ್ಮಮ್ಮ ನಕ್ಕಿದ್ದೇ ನಕ್ಕಿದ್ದು, ಕಟ್ಕೊಂಡೋಳ ಕಿವಿಗೆ ಬೇವಿನಕಡ್ಡಿ, ಕುರಿಗೆ ಮಾತ್ರ ಓಲೆ, ಅದ್ನೇ ಕಟ್ಕೊಂಡು ಬಾಳು ಹೋಗು. ಇವನು ಮೂಗಿನಲ್ಲಿ ನಕ್ಕ. ಇನ್ನೂರ ಹದಿನಾಲ್ಕು ಅಂತ ಇತ್ತು ಆ ಓಲೆ ಮೇಲೆ, ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವನು ನಾನು, ಅಂಕಿ ಓದುತ್ತೇನೆ.

ಆವಾಗ ಸಂಘ ಎರಡು, ಕಬ್ಬಾಳಿನದೊಂದು ಮರಳವಾಡಿಯದೊಂದು, ಅವರೂ ಒಂದರಿಂದ ಓಲೆ ಹೊಡೆಯುತ್ತಾ ಹೋದರು ನಾವೂ ಒಂದರಿಂದ, ನಮ್ಮಲ್ಲೂ ಒಂದು ಇನ್ನೂರ ಹದಿನಾಲ್ಕು, ಅವರಲ್ಲೂ ಒಂದು ಇನ್ನೂರ ಹದಿನಾಲ್ಕು, ಅದು ದೊಡ್ಡಹನುಮಯ್ಯನ ಕುರಿ, ಯಾರಿಗೇನು ತೊಂದರೆ. ಆಮೇಲೆ ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದವು, ಮೇಯಿಸುವ ಜಾಗಕ್ಕೆಲ್ಲ ಮುಳ್ಳುತಂತಿ, ಮಂದೆಗಳು ಕರಗಿದವು, ಎರಡು ಸಂಘ ಸೇರಿಸಿ ಕನಕಪುರದಲ್ಲಿ ಒಂದು ಮಾಡಿ ಕಂಪ್ಯೂಟರು ತಂದಿಟ್ಟರು. ಅದರ ಮುಂದೆ ಕೂರುವವಳು ಕುಸುಮ, ನಮ್ಮ ಬೀದಿಯ ಹುಡುಗಿ. ಪ್ರೋಗ್ರಾಮು ಬರೆದುಕೊಟ್ಟವಳು ಪ್ರತಿಮಾ ಅಂತ, ರಾಮನಗರದಿಂದ ಬರುತ್ತಿದ್ದಳು, ಜಗಲಿ ಮೇಲೆ ನಮ್ಮ ಜೊತೆ ಕೂತು ಕಡ್ಲೆಕಾಯಿ ತಿನ್ನುತ್ತಾ ಕುರಿ ವಿಷಯ ಕೇಳಿಸಿಕೊಂಡ ಹೆಂಗಸು, ಒಂದೇ ನಂಬರು ಎರಡು ಕಡೆ ಇರೋದು ನಿಮ್ಮ ತಪ್ಪಲ್ಲ ತಾತ, ನಂಬರಿನ ಪಕ್ಕ ಕಿವಿಗುರುತಿಗೂ ಒಂದು ಕಾಲಂ ಹಾಕ್ತೀನಿ, ಎರಡೂ ಸೇರಿದ್ರೇನೇ ಒಂದು ಕುರಿ ಅಂತ ಕಂಪ್ಯೂಟರಿಗೆ ಹೇಳ್ತೀನಿ ಅಂದಳು, ಹಾಗೇ ಮಾಡಿದಳು. ಕುಸುಮ ಕರೆದು ತೋರಿಸಿದಳು ಒಂದಿನ, ಇನ್ನೂರ ಹದಿನಾಲ್ಕು ಒತ್ತಿದರೆ ಎರಡು ಸಾಲು ಬಂದು ನಿಂತವು, ಒಂದರ ಮುಂದೆ ಎಡಗಿವಿ ಎರಡು ಕಚ್ಚು, ಕಬ್ಬಾಳು, ಚಿಕ್ಕರಾಜು, ಇನ್ನೊಂದರ ಮುಂದೆ ಬಲಗಿವಿ ತುದಿ ಕೊಯ್ತ, ಮರಳವಾಡಿ, ದೊಡ್ಡಹನುಮಯ್ಯ, ಓದವ್ವಾ ಇನ್ನೊಂದ್ಸಲ ಅಂದೆ, ಓದಿದಳು, ನಾನು ಹಾಕಿದ ಕಚ್ಚು ಗಾಜಿನೊಳಗೆ ಹೋಗಿ ಕೂತಿತ್ತು. ಚೆನ್ನಾಗಿಯೇ ನಡೆದಿತ್ತು, ನೀಲಿನಾಲಿಗೆ ಬರುವಗಂಟ.

ನೀಲಿನಾಲಿಗೆ — ಬಾಯಿ ಊದಿ, ನಾಲಿಗೆ ನೇರಳೆಹಣ್ಣು ತಿಂದ ಹಾಗಾಗಿ ಆಚೆಗೆ ಜೋತು, ಮೂಗಲ್ಲಿ ಕೀವು, ಮೊಣಕಾಲಲ್ಲಿ ನಡೆಯುತ್ತಾ ಬಂದು ಬಾಗಿಲ ಮುಂದೆ ಬೀಳುತ್ತಿದ್ದವು. ಒಂದನ್ನ ಎಳೆದು ಗುಂಡಿಗೆ ಹಾಕಿ ತಿರುಗುವಷ್ಟರಲ್ಲಿ ಇನ್ನೊಂದು. ಇನ್ಸೂರೆನ್ಸಿಗೆ ಓಲೆ ಸಮೇತ ಕಿವಿ ಕೊಡಬೇಕು, ಕಿವಿ ಇಲ್ಲದೆ ಪರಿಹಾರ ಇಲ್ಲ, ಊರವರ ಕುರಿಯದ್ದೆಲ್ಲ ಕೊಯ್ದದ್ದು ನಾನೇ, ಮರಿಯಾಗಿದ್ದಾಗ ಕಚ್ಚು ಹಾಕಿದ ಅದೇ ಚೂರಿಯಲ್ಲಿ ಬುಡಕ್ಕೆ ಹಿಡಿದು, ಸತ್ತ ಕಿವಿ ಕೊಯ್ದರೆ ರಕ್ತ ಬರುವುದಿಲ್ಲ, ಚಪ್ಪಲಿ ಚರ್ಮ ಕೊಯ್ದ ಹಾಗೆ, ಉಪ್ಪು ಸವರಿ ಗೋಣಿಗೆ ತುಂಬಿ ಸಂಘಕ್ಕೆ ಹೊತ್ತುಕೊಂಡು ಹೋದೆವು. ಅರ್ಧಕ್ಕರ್ಧ ವಾಪಸ್ ಬಂದವು. ಒಂದೇ ನಂಬರು ಎರಡು ಸಲ ಐತಂತೆ, ಒಂದು ಸತ್ತೈತೆ ಅಂತೀರ, ಅದೇ ನಂಬರು ಇನ್ನೊಂದು ಸಾಲಲ್ಲಿ ಬದುಕೈತೆ, ಎಲ್ಲಾ ತಾಲ್ಲೂಕಿಗೂ ಒಂದು ನಂಬರಿಗೆ ಒಂದೇ ಕುರಿ ಅನ್ನೋ ನಿಯಮ, ಕಿವಿಗುರುತು ಅನ್ನೋ ಕಾಲಮ್ಮೇ ನಮ್ಮಲ್ಲಿಲ್ಲ ಅಂದ್ರಂತೆ ಮೇಲಿನವರು. ಕಿವಿ ಗೋಣಿ ನಾರುತ್ತಾ ಸಂಘದ ಮೂಲೆಯಲ್ಲಿ ಬಿದ್ದಿತ್ತು. ಅವತ್ತಿನ ಮೀಟಿಂಗಿನಲ್ಲಿ ಎದ್ದು ಕೂಗಾಡಿದವನು ಬೇರೆ ಯಾರೂ ಅಲ್ಲ, ಇವನೇ, ಈಗ ಇಲ್ಲಿ ಹಲ್ಲು ಕಚ್ಚಿ ಮಲಗಿರುವವನೇ, ನಿಮ್ಮ ಹಳೇ ಪ್ರೋಗ್ರಾಮ್ ತಗೊಂಡೋಗಿ ಅರ್ಕಾವತಿಗೆ ಹಾಕ್ರಿ, ನಮಗೆ ನಿಯಮದ್ದೇ ತನ್ನಿ, ಪರಿಹಾರ ಬರ್ಬೇಕು ಅಷ್ಟೇ, ಕಚ್ಚು ಕಟ್ಕೊಂಡು ಏನ್ ನೆಕ್ಕದಾ? ಅಣ್ಣನ ಮುಂದೆಯೇ ಅಂದ. ಪ್ರತಿಮಾ ಎದ್ದು ನಿಂತು, ನಿಯಮದ್ದೇ ಹಾಕ್ತೀನಣ್ಣ, ಆದ್ರೆ ಹಳೇ ಕುರಿ ಇನ್ನೂ ಬದುಕಿವೆ, ನಂಬರಿಂದಷ್ಟೇ ಗುರುತು ಹಿಡಿದ್ರೆ ಎರಡರಲ್ಲಿ ಒಂದು ಸಾಲು ಮರೆಯಾಗ್ತದೆ, ಯಾವುದು ಮರೆಯಾಗ್ತದೆ ಅನ್ನೋದು ನನ್ನ ಕೈಲಿಲ್ಲ, ಅದಕ್ಕೆ ಒಳಗೆ ಒಂದು ಸ್ವಿಚ್ಚು ಬಿಡ್ತೀನಿ, ಹಳೇ ಪದ್ಧತಿ ಅಂತ, ಅದು ಆನ್ ಇದ್ರೆ ಎರಡೂ ಸಾಲು ಕಾಣ್ತವೆ, ಮೇಲಿನವ್ರು ಕಡತ ತಗೊಳ್ಳಲ್ಲ, ಆಫ್ ಇದ್ರೆ ತಗೋತಾರೆ, ಎರಡೆರಡು ಇರೋ ಕುರಿಗೆಲ್ಲ ಮೊದ್ಲು ಹೊಸ ಓಲೆ ಹೊಡೆದು ಮುಗಿಸಿ, ಆಮೇಲೆ ಆಫ್ ಮಾಡಿ, ಅದಕ್ಕೂ ಮುಂಚೆ ಮುಟ್ಟಬೇಡಿ ಅಂದಳು. ನನಗೆ ಅದು ಸಲೀಸಾಗಿ ಹೊಕ್ಕಿತು. ಹೊಸ ಹಟ್ಟಿ ಕಟ್ಟಿದಾಗ ಹಳೇ ಹಟ್ಟಿಯ ತಡಿಕೆ ಒಸಿ ದಿನ ತೆಗೆದೇ ಇಡುತ್ತೇವೆ, ಮುದಿಕುರಿಗಳು ಸಂಜೆ ಅಲ್ಲಿಗೇ ನುಗ್ಗುತ್ತವೆ, ಮುಚ್ಚಿಬಿಟ್ಟರೆ ಹೊಸದಕ್ಕೆ ಬರುವುದಿಲ್ಲ, ಹೊರಗೇ ನಿಂತು ಒರಲುತ್ತವೆ, ಒರಲಿದ ಕಡೆಗೆ ತೋಳ ಬರುತ್ತದೆ. ಇನ್ಸೂರೆನ್ಸಿನ ವಾಯಿದೆ ಹತ್ತಿರ ಬಂದಿತ್ತು, ಓಲೆ ಬರುವುದು ತಡವಾಯಿತು, ಸಂಘದ ಅಧ್ಯಕ್ಷರು ಕುಸುಮಳನ್ನ ಏಳಿಸಿ ತಾವೇ ಕೂತು ಆಫ್ ಮಾಡಿದರು, ಜನಕ್ಕೆ ಪರಿಹಾರ ಬಂದರೆ ಸಾಕಲ್ಲವಾ ಅಂತ, ಒಳ್ಳೆಯದಕ್ಕೇ. ಬಂತು ಕೂಡ. ಇವನಿಗೂ ಬಂತು. ತಡಿಕೆ ಮುಚ್ಚಿತು.

ಮ್ಯಾ — ಕಿಟಕಿ ಹೊರಗೆ, ಕಂಬಳಿ ಆಚೆ, ಆಸ್ಪತ್ರೆ ಕಾಂಪೌಂಡಿನಲ್ಲಿ ಕುರಿ, ಇಲ್ಲೆಲ್ಲಿ ಕುರಿ, ಮತ್ತೆ ಮ್ಯಾ, ಇವನು ಎದ್ದ, ಎದ್ದ ಅಂದರೆ ಮೈ ಎದ್ದಿತು, ಈ ಸಲ ಬಿಲ್ಲಿನ ಹಾಗಲ್ಲ, ಮುರಿಯಲು ಹಿಡಿದ ಕಬ್ಬಿನ ಹಾಗೆ, ಕುತ್ತಿಗೆ ನರಗಳು ಹಗ್ಗ, ಬೆವರು ಕಿತ್ತುಕೊಂಡು ಬಂತು, ನಾಲಿಗೆ ಹಲ್ಲಿನ ನಡುವೆ ಸಿಕ್ಕಿ ಬಾಯಂಚಿಂದ ರಕ್ತ ಸಣ್ಣಗೆ ಕಿವಿ ಕಡೆಗೆ, ಆ ಕಿವಿ ಕಡೆಗೇ, ಆದರೆ ಕಣ್ಣು ಮಾತ್ರ ಕಿಟಕಿಗೆ ತಿರುಗಿದೆ, ಕಪ್ಪು ಕಂಬಳಿಯನ್ನ ನೋಡುತ್ತಿದೆ, ಬಂತಾ ಅಣ್ಣ ಅಂತಿದೆ ಕಣ್ಣು, ಬಂತಾ ನನ್ ಕರಿಮೂತಿ. ಅದಲ್ಲ ಕಣ್ಲಾ. ಅಶ್ವಥ ಇರಬೇಕು ಅದು, ದೊಡ್ಡಹನುಮಯ್ಯನ ಮಗ, ಯಾವುದೋ ಕುರಿ ಕೊಂಡು ಹಗ್ಗ ಹಿಡಿದು ತಂದಿದ್ದಾನೆ, ಕೊಟ್ಟು ಸರಿಮಾಡಿಕೊಳ್ಳುವುದಕ್ಕೆ, ಬತ್ತಾನಂತೆ ತಾತ ಅಂತ ಕುಸುಮ ಬೆಳಗ್ಗೆ ಅಂದಿದ್ದಳು. ಹೊರಗೆ ತಿಮ್ಮಮ್ಮ ಅವನನ್ನ ಯಾವುದರಿಂದಲೋ ಬಡಿದಳು, ಚಪ್ಪಲಿ ಇರಬೇಕು, ಹೊಡೀ ತಾಯಿ, ಸದ್ದಿಲ್ಲದ ಹಾಗೆ ಹೊಡೀ, ಕುರಿಯ ಕೂಗು ದೂರ ಹೋಯಿತು. ಸಿಸ್ಟರಮ್ಮ ಬರಿಗಾಲಲ್ಲಿ ಓಡಿ ಬಂದು ಸೂಜಿ ಚುಚ್ಚಿದಳು, ಮೈ ಒಸಿ ಒಸಿಯಾಗಿ ಹಾಸಿಗೆಗೆ ಇಳಿಯಿತು, ಹೋದಳು. ಅಶ್ವಥ. ಅಪ್ಪನ ಮಂದೆ ಅಪ್ಪನ ಜೊತೆ ಮಲಗಿತು, ದೊಡ್ಡಹನುಮಯ್ಯನಿಗೆ ಲಕ್ವ ಹೊಡೆದು ಬಲಗಡೆ ಸತ್ತು ಮಾತು ನಿಂತು ಎರಡು ಹುಣಸೆ ಸುಗ್ಗಿಯಾಯಿತು, ಮಗ ಫ್ಯಾಕ್ಟರಿಗೆ ಕೂಲಿಯಾಳು ಒದಗಿಸುವವನು, ಮಂದೆ ಸಂಬಳದ ಆಳಿನ ಕೈಯಲ್ಲಿ, ಯಾರೋ ಟೆಂಪೋ ತಂದು ಹಟ್ಟಿಗೆ ನುಗ್ಗಿ ಒಂದಷ್ಟು ಕುರಿ ಎತ್ತಿಕೊಂಡು ಹೋದರು. ಅವನ ಹೊಟ್ಟೆ ಉರಿದಿತ್ತು, ಅದು ಸುಳ್ಳಲ್ಲ.

ಆ ಸೋಮವಾರ ನಾವು ಕರಿಮೂತಿಯನ್ನ ಹಿಡಿದುಕೊಂಡು ಸಾಲಲ್ಲಿದ್ದೆವು, ಹಳೇ ಓಲೆ ತೆಗೆಸಿ ಹೊಸದು ಹೊಡೆಸೋಕೆ, ನಿಯಮದ್ದು, ಉದ್ದನೆಯ ನಂಬರಿಂದು, ಇವನೇ ಕೇಳಿ ತರಿಸಿದ್ದು, ಹಳೆಯದನ್ನ ಕತ್ತರಿಸಲು ಬಗ್ಗಿದ್ದೆ, ಹೊಸ ಓಲೆ ಇಕ್ಕಳದ ಬಾಯಲ್ಲಿ ಕೂತಿತ್ತು ಹಳದಿಯಾಗಿ, ಹಿಂದಿನಿಂದ ಒಂದು ಕೈ, ಅಶ್ವಥನದು, ಬಂದು ಕುರಿಯ ಕಿವಿ ಹಿಡಿದು ತಿರುಗಿಸಿತು. ಇನ್ನೂರ ಹದಿನಾಲ್ಕು. ಲೇ, ಇದು ನಮ್ದು ಕಣ್ಲಾ, ಕಳುವಾದವುಗಳ ನಂಬರೆಲ್ಲ ನನ್ ಬಾಯಲ್ಲೇ ಅವೆ. ಒಳಗೆ ಹೋಗಿ ಒತ್ತಿಸಿದ, ಒಂದೇ ಸಾಲು ಬಂದು ನಿಂತಿತು, ದೊಡ್ಡಹನುಮಯ್ಯ, ಮರಳವಾಡಿ, ಅಷ್ಟೇ, ಇವನ ಸಾಲು ಎಲ್ಲೂ ಇಲ್ಲ. ಕುಸುಮ ಹಿಂದೆಯೇ ಓಡಿ ಬಂದಳು, ಒಸಿ ತಡೀರಣ್ಣ, ಎರಡು ಸಾಲೈತೆ, ಒಂದು ಮರೆಯಾಗೈತೆ, ಪ್ರತಿಮಾ ಮೇಡಂಗೆ ಫೋನ್ ಮಾಡ್ತೀನಿ ತಡೀರಿ, ಅಷ್ಟರಲ್ಲಿ ಅಶ್ವಥನ ಜೊತೆಗೆ ಬಂದಿದ್ದ ಆಳುಗಳು ಇವನನ್ನ ಹುಣಸೆ ಮರಕ್ಕೆ ಒತ್ತಿ ಹಿಡಿದಿದ್ದರು. ಕಂಪ್ಯೂಟರು ಸುಳ್ಳು ಹೇಳ್ತದಾ ಹೇಳು, ಕಳ್ನನ್ ಮಗನೆ, ಎಷ್ಟ್ ಕುರಿ ಎತ್ಕೊಂಡೋದೆ ಹೇಳು, ಮುಷ್ಟಿ ಮೂಗಿನ ಮೇಲೆ ಬಿತ್ತು, ಆ ನಗುವ ಮೂಗಿನ ಮೇಲೆ, ಹಸಿ ಸೌದೆ ಮುರಿದ ಸದ್ದು. ಆವಾಗ ನಾನು ಮಾತಾಡಿದೆ, ಕೂಗಿದೆ, ನನ್ನ ಗಂಟಲು ನನಗೇ ಬೇರೆಯವನದ್ದು ಅನ್ನಿಸಿತು, ಅಶ್ವಥಾ ನಿಮ್ಮಪ್ಪನ ಗುರುತು ಬಲಗಿವಿ ತುದಿ ಕೊಯ್ತ ಕಣೋ, ಈ ಕುರಿ ಬಲಗಿವಿ ತುದಿ ಹಂಗೇ ಐತೆ ನೋಡೋ, ಕೊಯ್ದಿದ್ದು ಮತ್ತೆ ಬೆಳೀತದೇನೋ, ಎಡಗಿವಿ ನೋಡು ಎರಡು ಕಚ್ಚು, ಈ ಕೈಲಿ ಹಾಕಿದ್ದು. ಅವನು ನೋಡಿದ. ನೋಡಿದ ಅಂತಲೇ ನನ್ನ ನೆನಪು, ಒಂದು ಗಳಿಗೆ ಕೈ ನಿಂತಿತ್ತು. ಆಮೇಲೆ, ನಮ್ಮಪ್ಪನ ಗುರುತು ನಂಗೇನ್ ಗೊತ್ತು ತಾತ, ನಂಬರ್ ಗೊತ್ತು, ಕಿವಿ ಕುಯ್ಯೋ ಆಟ ನನ್ ಹತ್ರ ಬ್ಯಾಡ, ಕದ್ದೋನಿಗೆ ಕಚ್ಚು ಹಾಕಕ್ಕೆ ಎಷ್ಟೊತ್ತು. ಇವನು ರಕ್ತ ಉಗಿದು ಅಂದ, ನಿಮ್ಮಪ್ಪನ್ನ ಕೇಳ್ಕೊಂಡ್ ಬಾ ಹೋಗೋ, ಗಂಡ್ಸಾದ್ರೆ. ಆ ಮಾತು ಆಡಬಾರದಿತ್ತು. ಮಾತಾಡಕ್ಕಾಗದ ಅಪ್ಪನ ಹೆಸರೆತ್ತಿದ್ದೇ ಅಶ್ವಥನ ಮುಖ ಸುಟ್ಟ ಹಾಗಾಯಿತು, ಇಕ್ಕಳ ಎತ್ತಿಕೊಂಡ, ಕುರಿಗೊಂದು ನಂಬರು ಬೇಕು ಅಂತ ಬಂದೆಯಲ್ಲ, ತಗೋ, ತಲೆ ಹಿಡೀರೋ, ಇಬ್ಬರು ಕೂದಲು ಹಿಡಿದು ಮರಕ್ಕೆ ಒತ್ತಿದರು, ನನ್ನ ಎದೆಗೆ ಯಾರದೋ ಮೊಣಕೈ, ಬೆಳಗಿಂದ ಕುರಿ ಕಿವಿ ಚುಚ್ಚಿ ಚುಚ್ಚಿ ಸಗಣಿ ಹಿಕ್ಕೆ ರಕ್ತ ಮೆತ್ತಿದ ಇಕ್ಕಳ, ಎಡಗಿವಿ, ಟಕ್. ಕುರಿಯಾದರೆ ಒಂದು ಸಲ ತಲೆ ಕೊಡವುತ್ತದೆ. ಇವನು ಕೊಡವಲಿಲ್ಲ, ಕೊಡವಲು ಬಿಡಲಿಲ್ಲ, ಬಾಯಿ ತೆರೆದು ನನ್ನನ್ನೇ ನೋಡಿದ, ಕಿವಿಯಲ್ಲಿ ಹಳದಿ ಓಲೆ ಅಲ್ಲಾಡುತ್ತಿದೆ, ಅದರ ತುದಿಯಿಂದ ಒಂದೊಂದೇ ಹನಿ. ಯಾರೋ ನಕ್ಕರು. ಯಾರೋ ಬಿಡ್ರೋ ಸಾಕು ಅಂದರು. ಕರಿಮೂತಿಯನ್ನ ಹಿಂಗಾಲು ಹಿಡಿದು ಟೆಂಪೋಗೆ ಎಸೆದುಕೊಂಡು ಹೋದರು.

ತೆಗೀತೀನಿ ತಡಿ ಅಂತ ಚೂರಿ ಹಿಡಿದು ಬಂದರೆ ನನ್ನ ಕೈ ಹಿಡಿದುಕೊಂಡ. ಬ್ಯಾಡಣ್ಣ, ಇದು ನನ್ ಕರಿಮೂತೀದು, ಅದಕ್ಕೇ ಅಂತ ಬಂದಿದ್ದು, ಅದು ವಾಪಸ್ ಬಂದು, ಆ ಕಂಪ್ಯೂಟರಲ್ಲಿ ಅದರ ಪಕ್ಕ ನನ್ ಹೆಸರು ಬಂದು ನಿಂತ್ಮೇಲೆ, ನೀನೇ ತೆಗುದು ಅದರ ಕಿವಿಗೆ ಹಾಕು, ಅಲ್ಲೀಗಂಟ ನಾನೇ ಆ ಕುರಿ ಅಂದ್ಕೋತೀನಿ. ತೆಗೆದದ್ದು ಇನ್ನೊಂದು ಕಿವಿಗೆ ಬರುವುದಿಲ್ಲ ಕಣೋ, ಕತ್ತರಿಸಿದರೆ ಮುಗೀತು ಅಂದೆ, ಕೇಳಲಿಲ್ಲ. ಪೊಲೀಸ್ ಕಂಪ್ಲೇಂಟು ಕೊಡು ಅಂದರೆ, ಕಂಪ್ಲೇಂಟು ಬ್ಯಾಡ ಕುರಿ ಬೇಕು. ಮುರಿದ ಮೂಗಿಗೆ ಮುಟ್ಟಿಸಿಕೊಳ್ಳಲಿಲ್ಲ, ಸೂಜಿ ಹಾಕಿಸಿಕೊಳ್ಳೋ ಅಂದರೆ ಕುರಿಗೆ ಯಾರು ಹಾಕ್ಸಿದ್ರು ಅಂದ, ಕುರಿಗೆ ಹಚ್ಚುವ ಹಾಗೆ ಅರಿಶಿನ, ಒಲೆಮಸಿ ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿಕೊಂಡ. ತಿಮ್ಮಮ್ಮ ಕಾಲು ಹಿಡಿದಳು, ನಿನ್ ಹಟಕ್ಕೆ ಬೆಂಕಿ ಬೀಳ, ತಗ್ಸೋ, ನಂಗೆ ಓಲೆ ಬ್ಯಾಡ ಕಣೋ ತಗ್ಸೋ, ಇವನು ಮೂಗಿನಲ್ಲಿ ನಗಲು ಹೋಗಿ ನೋವಾಗಿ ಬಿಟ್ಟ. ಊರಲ್ಲಿ ಅದನ್ನ ತೂಗಾಡಿಸಿಕೊಂಡೇ ಓಡಾಡಿದ, ಕುರಿ ಬಂತು ಕುರಿ ಅಂತ ಚಿಳ್ಳೆಪಿಳ್ಳೆಗಳು, ಕಳ್ಳ ಬಂದ ಅಂತ ಹೋಟೆಲಿನವರು. ದಿನಾ ಕನಕಪುರಕ್ಕೆ ಹೋಗಿ ಸಂಘದ ಬಾಗಿಲಲ್ಲಿ ಆ ಕಿವಿ ಹೊತ್ತುಕೊಂಡು ನಿಲ್ಲುತ್ತಿದ್ದ, ಬಂತಾ ಕುಸುಮ ನನ್ ಸಾಲು? ಇನ್ನೂ ಇಲ್ಲಣ್ಣ, ಅಧ್ಯಕ್ಷರು ಬಿಡಕಿಲ್ಲ ಅಂತವ್ರೆ, ಆನ್ ಮಾಡಿದ್ರೆ ಎಲ್ರ ಕಡತಾನೂ ವಾಪಸ್ ಬತ್ತದಂತೆ. ಒಂದು ಸಂಜೆ ಮುದ್ದೆ ಮುರಿದು ಬಾಯಿಗೆ ಇಟ್ಟುಕೊಳ್ಳಲು ಹೋದ, ಬಾಯಿ ತೆರೆಯಲಿಲ್ಲ. ದವಡೆ ಹಿಡ್ಕೊಂಡದೆ ಕಣಣ್ಣ ಅಂದ ಹಲ್ಲಿನ ಸಂದಿಯಲ್ಲಿ. ಅದೇ ಇವನು ಆಡಿದ ಕೊನೆಯ ಮಾತು, ಆಮೇಲೆ ಕುತ್ತಿಗೆ, ಆಮೇಲೆ ಬೆನ್ನು, ನಾಯಿ ಬೊಗಳಿದ್ದಕ್ಕೆ ಮೈ ಎದ್ದು ಒಲೆಕಲ್ಲಿಗೆ ಬಡಿಯಿತು.

ಇವತ್ತು ಬೆಳಕು ಹರಿಯುತ್ತಲೇ ಕುಸುಮ ಬಂದಳು, ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲಾಚೆಗೆ ನನ್ನನ್ನ ಕರೆದು ಉಸಿರಿನಲ್ಲೇ ಹೇಳಿದಳು, ತಾತ, ನೆನ್ನೆ ಸಂಜೆ ಅಧ್ಯಕ್ಷರೇ ಆನ್ ಮಾಡು ಅಂದ್ರು, ಮೇಡಂ ಫೋನಲ್ಲೇ ಇದ್ರು, ಇನ್ನೂರ ಹದಿನಾಲ್ಕು ಒತ್ತಿದೆ, ಎರಡೂ ಸಾಲು ಬಂದ್ವು ತಾತ, ಅಣ್ಣನ ಹೆಸರು ಬಂತು, ಎಡಗಿವಿ ಎರಡು ಕಚ್ಚು ಅಂತ ಬಂತು, ಮೇಲಿನವ್ರು ಕಡತ ವಾಪಸ್ ಕಳಿಸ್ತಾರೆ, ಕಳಿಸ್ಕೊಳ್ಳಲಿ. ಅಧ್ಯಕ್ಷರ ಮನಸ್ಸು ಹೆಂಗೆ ಕರಗಿತವ್ವ ಅಂದೆ. ಅವಳು ಕಣ್ಣು ಒರೆಸಿಕೊಂಡಳು. ಕರಿಮೂತಿ ಇಲ್ಲ ತಾತ. ಅವತ್ತೇ ಕೊಯ್ದುಬುಟ್ರಂತೆ, ಕಳುವು ಸಿಕ್ತು ಅಂತ ಅಶ್ವಥಣ್ಣ ಆಳುಗಳಿಗೆಲ್ಲ ಊಟ ಹಾಕಿದ್ನಂತೆ, ಚರ್ಮಕ್ಕೆ ಉಪ್ಪು ಹಾಕಿ ದೊಡ್ಡಹನುಮಯ್ಯಜ್ಜ ಮಲಗೋ ಜಗಲಿ ಗೋಡೆಗೆ ಹೊಡೆದಿದ್ರು, ಕಿವಿ ಅದರಲ್ಲೇ ಇತ್ತು, ನೆನ್ನೆ ಅಜ್ಜನ್ನ ಗೋಡೆ ಕಡೆ ಒರಗಿಸಿ ಕೂರಿಸಿದಾಗ ಆ ಒಂದು ಕೈ ಹೋಗಿ ಚರ್ಮದ ಕಿವಿ ಸವರ್ತಂತೆ, ಬಲಗಿವಿ ತುದಿ, ಮತ್ತೆ ಸವರ್ತಂತೆ, ಆಮೇಲೆ ಎಡಗಿವಿ, ಆಮೇಲೆ ಹುಲಿ ಕಂಡ ಹಸು ಥರ ಒರಲಕ್ಕೆ ಶುರು ಮಾಡ್ತಂತೆ, ನಿಲ್ಸಲೇ ಇಲ್ವಂತೆ, ಅಶ್ವಥಣ್ಣ ಏನಪ್ಪಾ ಅಂತ ಬಗ್ಗಿದ್ರೆ ಆ ಕೈಲೇ ಅವನ ಕೆನ್ನೆಗೆ ಹೊಡೀತಂತೆ, ಕಿವಿ ಹಿಡಿದು ತೋರುಸ್ತು, ಹೊಡೀತು, ತೋರುಸ್ತು, ಹೊಡೀತು. ಅಲ್ಲಿಂದ ಎದ್ದು ಬಂದವನೇ ಅಧ್ಯಕ್ಷರ ಮುಂದೆ ನೆಲಕ್ಕೆ ಹಣೆ ಚಚ್ಕೊಂಡ. ದೊಡ್ಡಹನುಮಾ. ಕತ್ತಲಲ್ಲಿ ಕಿವಿ ಸವರಿ ಈ ಕಡೆಗೆ ತಳ್ಳುತ್ತಿದ್ದವನು, ಇದು ನಿನ್ ಕುರಿ ಕಣ್ಲಾ ಚನ್ನ ಅಂತಿದ್ದವನು, ಚರ್ಮವನ್ನ ಈ ಕಡೆಗೆ ತಳ್ಳಿದ.

ಹೇಳಲಾ ಬೇಡವಾ. ಅರ್ಧ ಹೇಳಬಹುದು, ಸಾಲು ಬಂತು ಅಂತ, ಕುರಿ ಮಾತು ಎತ್ತದೆ. ಸದ್ದು ಚಾಕು ಅಂದರಲ್ಲ ಡಾಕ್ಟರು. ಆದರೆ ಇವನು ಎದ್ದು ಕೂತ ದಿನ ಹೇಳಿದರಾಯಿತು ಅಂತ ಕಾದು, ಏಳದೇ ಹೋದರೆ, ಕಳ್ಳ ಅಂದುಕೊಂಡೇ ಹೋದರೆ, ನಾನು ಯಾವ ಕಿವಿಗೆ ಹೇಳಲಿ. ಗೋಡೆಯ ಚುಕ್ಕಿಗಳು ಇಳಿದು ಇವನ ಹಾಸಿಗೆ ಅಂಚಿಗೆ ಬಂದಿವೆ. ಮೈ ಸುಮ್ಮನಿದೆ, ಆ ಸೂಜಿ ಹಿಡಿದಿರಬೇಕು, ನೋಡು ತುಟಿಯೂ ಕೂಡಿಕೊಂಡಿದೆ, ಆ ಕೆಟ್ಟ ನಗು ಇಳಿದಿದೆ, ನನ್ನ ತಮ್ಮನ ಮುಖ ವಾಪಸ್ ಬಂದಿದೆ, ಇದೇ ಹೊತ್ತು. ಸ್ಟೂಲು ಕಿರ್ ಅನ್ನದ ಹಾಗೆ ಒಸಿ ಒಸಿ ಮುಂದಕ್ಕೆ ಬಗ್ಗಿದೆ, ಎಡಗಿವಿ, ಹತ್ತಿ ಒತ್ತಿದ್ದಾರೆ, ಹತ್ತಿಯ ನಡುವೆ ತೂತು ಕಪ್ಪಗೆ, ಮರಿಯಾಗಿದ್ದಾಗ ಕರಿಮೂತಿಯ ಕಿವಿಗೆ ಉಸಿರು ಬಿಟ್ಟ ಹಾಗೆ ಬಿಟ್ಟೆ, ಚಿಕ್ಕಾ, ನಿನ್ ಸಾಲು ಬಂತು ಕಣ್ಲಾ, ಎರಡೂ ಕಾಣ್ತವಂತೆ, ಎರಡು ಕಚ್ಚು, ಕಬ್ಬಾಳು, ಚಿಕ್ಕರಾಜು ಅಂತ ಓದಿದ್ಲಂತೆ ಕುಸುಮ, ನೀನು ಕಳ್ಳ ಅಲ್ಲ ಕಣ್ಲಾ. ಮೈ ಏಳಲಿಲ್ಲ. ಹಲ್ಲು ಅರೆಯಲಿಲ್ಲ. ತಡೆದುಕೊಂಡ, ನನ್ನ ಮಾತನ್ನ ತಡೆದುಕೊಂಡ, ಕೇಳಿಸಿಕೊಂಡ, ಗುಣ ಆಯಿತು, ಕಬ್ಬಾಳಮ್ಮ ಕಣ್ಣು ಬಿಟ್ಟಳು, ತಿಮ್ಮಮ್ಮನಿಗೆ ಹೇಳಬೇಕು, ಎದೆ ಹಗುರಾಗಿ ಕೈಕಾಲೆಲ್ಲ ಸಡಿಲ, ಅಷ್ಟು ಹೊತ್ತಿನಿಂದ ಬಿಗಿಹಿಡಿದ ಬೆರಳು, ಮುಷ್ಟಿ, ಬೆರಳಿನ ಸಂದಿ —

ಟಕ್.

ಸಿಮೆಂಟು ನೆಲ, ಬರಿ ಗೋಡೆ, ಆ ಸದ್ದು ಕೋಣೆ ತುಂಬ ಒಂದು ಸುತ್ತು ಬಂತು, ನಾನು ಇವನ ನಡು ಒತ್ತಿ ಹಿಡಿಯಲು ಎರಡೂ ಕೈ ಚಾಚಿದ್ದೆ. ನಡು ಹಾಸಿಗೆಯಲ್ಲೇ ಇತ್ತು. ಹಿಮ್ಮಡಿ ಹಾಸಿಗೆಯಲ್ಲೇ ಇತ್ತು. ಏಳೋ, ಒಂದು ಸಲ ಸೆಟೆದುಕೊಳ್ಳೋ. ಸ್ಟೂಲನ್ನ ಕಾಲಿಂದ ಒದ್ದೆ, ಉರುಳಿ ಬಿತ್ತು, ಏಳಲಿಲ್ಲ. ಯಾವಾಗ ಹೋದ, ನಾನು ಹೇಳುವುದಕ್ಕೆ ಮುಂಚೆಯೋ, ಹೇಳುವಾಗಲೋ. ಶುಕ್ರವಾರ, ಅಮ್ಮನ ವಾರ, ಬಿಸಿಲು ಕಂಬಳಿ ತೂರಿ ನೆಲಕ್ಕೆ ಇಳಿಯುವ ಹೊತ್ತು, ಚಿಕ್ಕರಾಜು ಹೋದ, ನೆಲದ ಮೇಲೆ ಬಿಸಿಲಿನ ಚುಕ್ಕಿ, ಚುಕ್ಕಿಯೊಳಗೆ ಓಲೆ, ಹಳದಿ, ಉದ್ದನೆಯ ನಂಬರು, ಅಂಚಿನಲ್ಲಿ ಒಣಗಿದ ರಕ್ತ, ಹಳದಿ ಓಲೆ, ಯಾರ ಕಿವಿಗೂ ಅಲ್ಲ, ಹಳದಿ ಓಲೆ.